ಹಳೆಯ ನಗರ ಕೇಂದ್ರಗಳನ್ನು ಉಳಿಸಿದರೆ ಆರ್ಥಿಕವಾಗಿ ಲಾಭವೇ?

ಖಂಡಿತ ಲಾಭವಿದೆ. ಎಲ್ಲರೂ ಮೊದಲು ಪ್ರವಾಸೋದ್ಯಮ ಅನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕೆಲಸಗಾರರ ಕೂಲಿ. ಹೊಸ ಕಟ್ಟಡದ ಖರ್ಚಿನಲ್ಲಿ ದೊಡ್ಡ ಪಾಲು ಸಿಮೆಂಟು, ಉಕ್ಕು, ಗಾಜಿಗೆ ಹೋಗುತ್ತದೆ. ಹಳೆಯದರ ದುರಸ್ತಿ ಹಾಗಲ್ಲ. ಗೆದ್ದಲು ತಿಂದ ತೊಲೆಯ ತುದಿಯನ್ನಷ್ಟೇ ಕೊಯ್ದು ಹೊಸ ಮರ ಕೂಡಿಸುವ ಬಡಗಿ, ಸುಣ್ಣದ ಗಾರೆ ಅರೆದು ಕಲ್ಲಿನ ಸಂದು ತುಂಬುವ ಮೇಸ್ತ್ರಿ, ಇಂಥವರ ಕೈಗೆ ಸೇರಿದ ಹಣ ಬಹುಪಾಲು ಆ ಊರಲ್ಲೇ ಓಡಾಡುತ್ತದೆ. ಅಮೆರಿಕದಲ್ಲಿ ಆದಾಯ ತರುವ ಐತಿಹಾಸಿಕ ಕಟ್ಟಡಗಳ ಅರ್ಹ ದುರಸ್ತಿ ವೆಚ್ಚದ 20%ರಷ್ಟನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ಹಳೆಯ ನಗರ ಕೇಂದ್ರದಲ್ಲಿ ರಸ್ತೆ, ಚರಂಡಿಯೂ ಆಗಲೇ ಇರುತ್ತವೆ, ಹೊಸದಾಗಿ ಮಾಡುವ ಖರ್ಚು ಉಳಿಯುತ್ತದೆ.

ಒಂದು ಎಚ್ಚರ ಬೇಕು. ವೆನಿಸ್‌ನ ಹಳೆಯ ನಗರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1,75,000 ನಿವಾಸಿಗಳಿದ್ದರು, ಈಗ 50,000ಕ್ಕೂ ಕಡಿಮೆ. ಮನೆಗಳು ಪ್ರವಾಸಿಗರ ತಂಗುದಾಣಗಳಾದಂತೆ ಅಲ್ಲಿನವರಿಗೇ ಬಾಡಿಗೆ ಕೈಗೆಟುಕದಾಯಿತು.