ನಿಂತ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಇಳಿಯದಂತೆ ಏನು ಮಾಡಬೇಕು?

ಬ್ಯಾಟರಿ ಹೊಸದಾದರೂ ಮೂರು ವಾರ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುತ್ತಿಲ್ಲ, ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ವಾರವಿಡೀ ಸೋರಿದ ಚಾರ್ಜು ಅಷ್ಟರಲ್ಲಿ ವಾಪಸ್ ಬರುವುದಿಲ್ಲ, ಸುಮ್ನೆ ಪೆಟ್ರೋಲ್ ದಂಡ.

ಲಾಕ್ ಮಾಡಿದ ಮೇಲೂ ಅಲಾರಂ, ಕೀಯ ಸಿಗ್ನಲ್ ಹಿಡಿಯುವ ಕೀಲೆಸ್ ರಿಸೀವರ್, ಟ್ರ್ಯಾಕರ್ ಎಲ್ಲ ಎಚ್ಚರವಾಗೇ ಇರುತ್ತವೆ. 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪ್-ಅವರ್ (ಚಾರ್ಜಿನ ಅಳತೆ) ಹೋಯಿತು. ಮೂರು ವಾರಕ್ಕೆ ಸುಮಾರು 25. ನಿಮ್ಮದು 60 ಆಂಪ್-ಅವರ್ ಬ್ಯಾಟರಿ ಅಂದರೆ ಹತ್ತಿರ ಹತ್ತಿರ ಅರ್ಧ ಖಾಲಿ! ಕೀಯನ್ನು ಕಾರಿನ ಪಕ್ಕದಲ್ಲೇ ನೇತುಹಾಕುತ್ತೀರಾ? ಕೆಲವು ಕಾರುಗಳು ಅದರಿಂದ ಪದೇ ಪದೇ ಎಚ್ಚರಗೊಳ್ಳುತ್ತವೆ. ದೂರ ಇಡಿ.

ನನ್ನ ಮಟ್ಟಿಗೆ ಒಳ್ಳೆ ದಾರಿ ಬ್ಯಾಟರಿ ಮೇಂಟೇನರ್, ಅಂದರೆ ಪ್ಲಗ್‌ಗೆ ಹಾಕಿಡುವ ಸಣ್ಣ ಚಾರ್ಜರ್. ತುಂಬಿದ ಮೇಲೆ ತಾನೇ ಕರೆಂಟು ತಗ್ಗಿಸುತ್ತದೆ, ತಿಂಗಳುಗಟ್ಟಲೆ ಹಾಕಿಟ್ಟರೂ ತೊಂದರೆ ಇಲ್ಲ. ನಿಮ್ಮದು ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನಲ್ಲಿ ಹಿಡಿದಿಟ್ಟ ಲೆಡ್ ಬ್ಯಾಟರಿ) ಆದರೆ ಮೇಂಟೇನರ್‌ನಲ್ಲಿ ಆ ಮೋಡ್ ಇರಲಿ. ಲಿಥಿಯಂ ಬ್ಯಾಟರಿಗೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು, ಇಲ್ಲಿ ಜುಗ್ಗತನ ಬೇಡ.

ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಆದರೆ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದ್ದು, ಅದರ ಲಾಕ್ ಕರೆಂಟಿನದಾಗಿದ್ದರೆ ಹುಷಾರು. ಮುಚ್ಚಿಬಿಟ್ಟರೆ ಮತ್ತೆ ತೆಗೆಯಲು ಪರದಾಡಬೇಕು.

ಲೆಡ್ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮೀಟರ್ ಹಿಡಿದು ನೋಡಿ. ಸುಮಾರು 12.6 ವೋಲ್ಟ್ ಅಂದರೆ ಫುಲ್, 12.4ಕ್ಕಿಂತ ಇಳಿದರೆ ಚಾರ್ಜ್ ಮಾಡಿ. ಒಂದೆರಡು ದಿನಕ್ಕೇ ಅಷ್ಟು ಇಳಿಯುತ್ತಿದ್ದರೆ ವೈರಿಂಗ್ ಬಲ್ಲವರಿಗೆ ತೋರಿಸಿ, ಕಾರು ಕೊಂಡ ಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್ ಇದ್ದರೆ ಮೊದಲು ಅದನ್ನೇ ನೋಡಲು ಹೇಳಿ.