ಚದರಡಿಗೆ 950, 1,450: ವಾರ್ಡ್‌ರೋಬ್ ರೇಟ್‌ನಲ್ಲಿ ಇಷ್ಟು ಅಂತರ ಯಾಕೆ?

ಏಳಡಿ ಅಗಲ, ಏಳಡಿ ಎತ್ತರದ ವಾರ್ಡ್‌ರೋಬ್‌ಗೆ ಒಬ್ಬರು ಚದರಡಿಗೆ 950, ಇನ್ನೊಬ್ಬರು 1,450 ಹೇಳಿದ್ದಾರೆ, ಯಾರಿಗೆ ಕೊಡಲಿ ಅಂತ ಕೇಳಿದ್ದೀರಿ. 49 ಚದರಡಿಗೆ 46,550 ಮತ್ತು 71,050 ಆಗುತ್ತೆ. ಆದರೆ ಈ ಎರಡನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡಬೇಡಿ ಸರ್.

ಅಳತೆ ಹೇಗೆ ಹಿಡಿಯುತ್ತಾರೆ ಅಂತ ಮೊದಲು ಕೇಳಿ. ಬರೀ ಮುಂಭಾಗದ ಅಗಲ-ಎತ್ತರವೋ, ಒಳಗಿನ ಹಲಗೆಗಳನ್ನೂ ಬಿಡಿಸಿ ಅಳೆಯುತ್ತಾರೋ? ಡ್ರಾಯರ್, ಚಾನೆಲ್ (ಡ್ರಾಯರ್ ಜಾರುವ ಪಟ್ಟಿ), ಲಾಫ್ಟ್ (ಮೇಲಿನ ಅಟ್ಟ) ಎಲ್ಲಕ್ಕೂ ಬೇರೆ ಬಿಲ್ ಹಾಕಿದರೆ 950ರವರೇ ಕೊನೆಗೆ ದುಬಾರಿಯಾಗಬಹುದು. ಮೇಲೆ ಎರಡಡಿ ಲಾಫ್ಟ್ ಬಂದರೆ ಇನ್ನೂ 14 ಚದರಡಿ ಸೇರುತ್ತೆ. ಜಿಎಸ್‌ಟಿಯನ್ನೂ ಕೇಳಿ, 18% ಅಂದರೆ 71,050ರ ಮೇಲೆ ಮತ್ತೆ 12,789.

ಇನ್ನು ಮರ. 950ಕ್ಕೆ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ) ಇರಬಹುದು ಅಂತ ನನ್ನ ಅನುಮಾನ. ಅದು ನೀರು ಕುಡಿದರೆ ಉಬ್ಬುತ್ತೆ, ಒಮ್ಮೆ ಕಿತ್ತ ಸ್ಕ್ರೂ ಅದೇ ಜಾಗದಲ್ಲಿ ಮತ್ತೆ ಗಟ್ಟಿಯಾಗಿ ಕೂರಲ್ಲ. ಬಾಡಿಗೆಗೆ ಕೊಡೋ ಮನೆಗೆ ಸರಿ, ಸ್ವಂತಕ್ಕೆ ನಾನು ಹಾಕಿಸಲ್ಲ. 'ವಾಟರ್‌ಪ್ರೂಫ್' ಅನ್ನೋ ಬಾಯಿಮಾತನ್ನು ನಂಬಬೇಡಿ (ಎಲ್ಲರೂ ಹಾಗೇ ಹೇಳೋದು!). ಪ್ಲೈವುಡ್ ಶೀಟ್ ಮೇಲೆ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಮುದ್ರೆ ಇದ್ದರೆ ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆ. ವಾರ್ಡ್‌ರೋಬ್ ಹಿಂದೆ ಬಾತ್‌ರೂಮ್ ಗೋಡೆ ಇದ್ದರೆ ಅದನ್ನೇ ಹಾಕಿಸಿ. ಒಣ ಗೋಡೆಯಾದರೆ ಐಎಸ್ 303ರ ಎಂಆರ್ (ತೇವ ಮಾತ್ರ ತಡೆಯುವ) ಪ್ಲೈ ಸಾಕು, ದುಡ್ಡೂ ಉಳಿಯುತ್ತೆ.

ಸ್ಲೈಡಿಂಗ್ ಬಾಗಿಲು ಜಾಗ ಇಲ್ಲದಿದ್ದರೆ ಮಾತ್ರ. ಹಾರ್ಡ್‌ವೇರ್ ಖರ್ಚು ಜಾಸ್ತಿ, ಅರ್ಧ ಭಾಗ ಯಾವಾಗಲೂ ಮುಚ್ಚೇ ಇರುತ್ತೆ.

ಇಬ್ಬರಿಂದಲೂ ಪ್ಲೈ ದರ್ಜೆ, ದಪ್ಪ, ಲ್ಯಾಮಿನೇಟ್, ಹಿಂಜ್ ಕಂಪನಿ ಎಲ್ಲ ಬರೆಸಿಕೊಂಡು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.