ಹಳೇ ಡಿಎಕ್ಸ್7 ತಗೊಳ್ಳಬಹುದಾ?

ಪ್ರಶ್ನೆ: ಬಿಜೈಯಲ್ಲಿ ಒಬ್ಬರು ಹಳೆಯ ಯಮಹಾ ಡಿಎಕ್ಸ್7 ಸಿಂಥಸೈಜರ್ ಕೀಬೋರ್ಡ್ ಕೊಡ್ತಾರಂತೆ, ಜತೆಗೆ ಫ್ಲಾಪಿ ಹಾಕುವ ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಧ್ವನಿಯನ್ನು ನುಡಿಸುವ ಯಂತ್ರ) ಒಂದು. ನಮ್ಮ ಇಗರ್ಜಿಯ ಕ್ವಾಯರ್‌ಗೆ ಆದೀತಾ?
– ಓದುಗ, ಕುಲಶೇಖರ

ಉತ್ತರ: ಕ್ವಾಯರ್‌ಗೆ ಅಂದ್ರೆ ಬೇಡ ಮಾರಾಯ್ರೇ. 1983ರ ಆ ಪೆಟ್ಟಿಗೆಯಲ್ಲಿ ಸ್ಪೀಕರ್ ಇಲ್ಲ, ರಿದಮ್ ಇಲ್ಲ. ಎಲೆಕ್ಟ್ರಿಕ್ ಪಿಯಾನೋದ ಆ ಗಾಜಿನಂಥ ನಾದದ ಹುಚ್ಚು ನಿಮಗೇ ಹಿಡಿದಿದ್ದರೆ ಮಾತು ಬೇರೆ.

ನೋಡಲು ಹೋದಾಗ ಮೊದಲು ಹಿಂದೆ ತಿರುಗಿಸಿ, ವೋಲ್ಟೇಜ್ ಓದಿ. ಮುಂಬೈಯಿಂದ ತರಿಸಿದ ಜಪಾನಿನ 100 ವೋಲ್ಟಿನ ಸೆಟ್ಟನ್ನು ನಾನು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದೆ. ಸುಟ್ಟ ವಾಸನೆಗೆ ಅಡುಗೆಮನೆಯಿಂದ ಅಮ್ಮ ಓಡಿ ಬಂದಿದ್ದರು.

ಆಮೇಲೆ 61 ಕೀಲಿಗಳನ್ನೂ ಒಂದೊಂದಾಗಿ ಮೆಲ್ಲಗೆ, ಜೋರಾಗಿ ಒತ್ತಿ. ನಮ್ಮ ಕಡಲ ಗಾಳಿಗೆ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿ, ಮೆಲ್ಲಗೆ ಒತ್ತಿದರೂ ಕೆಲವು ಕಿರುಚುತ್ತವೆ. ಬಿಚ್ಚಿ ಒರೆಸಿದರೆ ಹೆಚ್ಚಾಗಿ ಸರಿಯಾಗ್ತದೆ, ಬೆಲೆ ಇಳಿಸಲು ಒಳ್ಳೆ ನೆಪ. ಒಳಗಿನ 3 ವೋಲ್ಟ್ ಬ್ಯಾಟರಿ ಬೋರ್ಡಿಗೆ ಬೆಸುಗೆ ಹಾಕಿದ್ದು. ಅದು ಸತ್ತರೆ 32 ಧ್ವನಿಗಳೂ ಅಳಿಸಿಹೋಗುತ್ತವೆ. ಹೆದರಬೇಡಿ, ಬ್ಯಾಟರಿ ಬದಲಿಸಿ ಮಿಡಿ ಕೇಬಲ್ಲಿನಲ್ಲಿ ಕಂಪ್ಯೂಟರಿನಿಂದ ಮತ್ತೆ ತುಂಬಿಸಬಹುದು.

ಸ್ಯಾಂಪ್ಲರ್ ಕರೆಂಟು ಹೋದರೆ ಎಲ್ಲ ಮರೆಯುವ ಜಾತಿ. ಫ್ಲಾಪಿಯಿಂದ ಒಂದು ಧ್ವನಿ ಲೋಡ್ ಮಾಡಿ ತೋರಿಸಲು ಹೇಳಿ. ‘ಡಿಸ್ಕ್ ಮನೆಯಲ್ಲುಂಟು’ ಅಂದರೆ ಚಾ ಕುಡಿದು ಎದ್ದು ಬನ್ನಿ. ಡ್ರೈವ್ ಮಾತ್ರ ಕೆಟ್ಟಿದ್ದರೆ ಪೆನ್‌ಡ್ರೈವ್ ಹಾಕುವ ಫ್ಲಾಪಿ ಎಮ್ಯುಲೇಟರ್ ಕೂರಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.